ಪಕ್ಕದ ಸೀಟಿನ ಕ್ಲಚ್ಚು

ಬ್ರೇಕಕ್ಕನ ಹತ್ತಿರ ಕಾರು ಕಲಿತ ಹೆಂಗಸರು ಎರಡು ವಿದ್ಯೆ ಕಲಿತು ಹೋಗುತ್ತಿದ್ದರು: ಒಂದು ಓಡಿಸುವುದು, ಇನ್ನೊಂದು ಬೈಯುವುದು. ಎರಡನೆಯದನ್ನು ಅವಳು ಪುಕ್ಕಟೆ ಕಲಿಸುತ್ತಿದ್ದಳು. ಕೋಪ ಅವಳಿಗೆ ಮೂಗಿನ ತುದಿಯಲ್ಲಿ ಅಂದರೆ ಕಡಿಮೆ ಹೇಳಿದಂತೆ. ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು. ಇಂಡಿಕೇಟರ್ ಹಾಕದೆ ತಿರುಗಿದ ಲಾರಿಯವನನ್ನು ಅಡ್ಡಗಟ್ಟಿ ಕೆಳಗಿಳಿಸಿ, ಅವನ ಟವೆಲ್ಲಿನಿಂದಲೇ ಇಂಡಿಕೇಟರಿನ ಧೂಳು ಒರೆಸಿಸಿದವಳು ಅವಳು.

ಕಲಿಸುವ ಕಾರಿನಲ್ಲಿ ಪೆಡಲುಗಳು ಎರಡು ಜೊತೆ ಇರುತ್ತವೆ. ಕಲಿಯುವವರ ಕಾಲ ಕೆಳಗೆ ಇರುವ ಕ್ಲಚ್ಚು, ಬ್ರೇಕು ಪಕ್ಕದ ಸೀಟಿನಲ್ಲಿ ಕೂತ ಗುರುವಿನ ಕಾಲ ಕೆಳಗೂ ಇರುತ್ತವೆ. ಹೊಸಬರು ಕ್ಲಚ್ಚನ್ನು ದಬಕ್ಕನೆ ಬಿಟ್ಟು ಎಂಜಿನ್ ಒದ್ದಾಡತೊಡಗಿದರೆ ಸಾಕು, ಬ್ರೇಕಕ್ಕನ ಕಾಲು ತಾನಾಗಿಯೇ ಕೆಳಗೆ ಹೋಗುತ್ತಿತ್ತು. ಗಾಡಿ ಉಸಿರು ಹಿಡಿದುಕೊಂಡು ಮತ್ತೆ ಹೊರಡುತ್ತಿತ್ತು. "ನನ್ನ ಗಾಡಿ ಆಫ್ ಆಗೋದು ನಾನು ಕೀ ತಿರುಗಿಸಿದಾಗ ಮಾತ್ರ" ಎಂದು ಅವಳು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ.

ಶಿಷ್ಯೆಯರ ಹೆಸರು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅವರವರ ತಪ್ಪಿನಿಂದಲೇ ಅವರನ್ನು ಕರೆಯುತ್ತಿದ್ದಳು. ಹಾರನ್ನಿನಿಂದ ಕೈ ತೆಗೆಯದ ನರ್ಸಮ್ಮ ಅವಳಿಗೆ 'ಹಾರನ್ನು'. ಹಿಂದೆ ನೋಡದೆ ರಿವರ್ಸ್ ತೆಗೆಯುವವಳು 'ದೇವರಿದ್ದಾನೆ'. ಹೀಗಿರುವಾಗ ಒಂದು ಬೆಳಿಗ್ಗೆ ಒಬ್ಬ ಗಂಡ, ಹೆಂಡತಿ ಬಂದರು.

ಗಂಡನ ಕಾಲಿಗೆ ಮಂಡಿಯ ಮೇಲಿನವರೆಗೆ ಪ್ಲಾಸ್ಟರ್. ಸ್ಕೂಟರಿನಿಂದ ಬಿದ್ದದ್ದಂತೆ. ಗೋದಾಮೊಂದರಲ್ಲಿ ಮೇಲ್ವಿಚಾರಕ; ಮನೆಯಲ್ಲಿ ಕಾರಿದೆ, ಓಡಿಸಲು ಕಾಲಿಲ್ಲ. ಹಾಗಾಗಿ ಹೆಂಡತಿ ಕಲಿಯಬೇಕು, ರಜೆ ಮುಗಿದ ಮೇಲೆ ಅವನನ್ನು ದಿನಾ ಕೆಲಸಕ್ಕೆ ಬಿಟ್ಟು ಕರೆತರಬೇಕು.

"ಇವಳಿಗೆ ತಲೆ ಸ್ವಲ್ಪ ನಿಧಾನ, ಮೇಡಂ. ನೀವು ಜೋರು ಅಂತ ಕೇಳಿದೀನಿ. ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದೆ. ಚೆನ್ನಾಗಿ ಜೋರು ಮಾಡಿ."

"ಅದರ ಚಿಂತೆ ಬಿಡಿ" ಎಂದಳು ಬ್ರೇಕಕ್ಕ, ಹೊಗಳಿಕೆ ಎಂದುಕೊಂಡು.

ಪಾಠಕ್ಕೆ ಅವನೂ ಬಂದ. ಮೊದಲ ದಿನ ಮಾತ್ರ ಎಂದುಕೊಂಡಿದ್ದಳು, ಪ್ರತಿದಿನವೂ ಬಂದ. ಹಿಂದಿನ ಸೀಟಿನ ಉದ್ದಕ್ಕೂ ಪ್ಲಾಸ್ಟರಿನ ಕಾಲು ಚಾಚಿ ಕೂರುತ್ತಿದ್ದ. ಊರುಗೋಲುಗಳು ಒಳಗೆ ಹಿಡಿಸದೆ ಡಿಕ್ಕಿಗೆ ಹೋಗುತ್ತಿದ್ದವು. ಹೊರಟಲ್ಲಿಂದ ಮುಟ್ಟುವವರೆಗೆ ಅವನ ಬಾಯಿ ಮುಚ್ಚುತ್ತಿರಲಿಲ್ಲ. "ನೋಡಿಕೊಂಡು ಹೋಗೇ. ಕಣ್ಣು ಎಲ್ಲಿಟ್ಟಿದೀಯ? ಮೇಡಂ, ಹೇಳಿ ಅವಳಿಗೆ." ಬ್ರೇಕಕ್ಕ ಹೇಳುತ್ತಿದ್ದಳು. ಪಕ್ಕದಿಂದ ಅವಳು, ಹಿಂದಿನಿಂದ ಅವನು. ನಡುವೆ ಆ ಹೆಂಗಸು ಸ್ಟಿಯರಿಂಗ್ ಹಿಡಿದು ಸುಮ್ಮನೆ ಓಡಿಸುತ್ತಿದ್ದಳು.

ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಓಡಿಸುತ್ತಿದ್ದಳು. ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳುತ್ತಿತ್ತು. ಮಾರ್ಕೆಟ್ಟಿನ ಜನಜಂಗುಳಿಯಲ್ಲೂ ತಡವರಿಸುತ್ತಿರಲಿಲ್ಲ. ಆದರೆ ಒಂದೇ ಒಂದು ಜಾಗ. ಟೈರ್ ಅಂಗಡಿಯ ಹತ್ತಿರ ಶುರುವಾಗುವ ಏರು, ಹೆಂಗಸರ ಆಸ್ಪತ್ರೆಯ ಗೇಟಿನ ಮುಂದೆ ರಸ್ತೆಯುಬ್ಬಿನ ಬಳಿ ಮುಗಿಯುತ್ತದೆ. ಅಲ್ಲಿಗೆ ಬಂದಳೋ, ಅವಳ ಎಡಗಾಲಿಗೆ ಅದೇನು ಬಡಿಯುತ್ತಿತ್ತೋ, ಕ್ಲಚ್ಚು ದಬಕ್ಕನೆ ಬಿಡುತ್ತಿದ್ದಳು. ಗಾಡಿ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಬ್ರೇಕಕ್ಕನ ಕಾಲು ಇಳಿದು ಗಾಡಿಯನ್ನು ಉಳಿಸುತ್ತಿತ್ತು.

"ಮತ್ತೆ ಅದೇ! ಇಷ್ಟು ಹೊತ್ತು ರಾಣಿ ಹಾಗೆ ಓಡಿಸಿದೆ, ಇಲ್ಲಿ ಬಂದು ಏನಾಯ್ತು ನಿನಗೆ, ಆಫ್ ರಾಣಿ?"

ಹಿಂದಿನ ಸೀಟು ಗಹಗಹಿಸಿ ನಕ್ಕಿತು. ಹೆಸರು ನಿಂತಿತು. ಗಾಡಿ ಉಳಿದಾಗಲೆಲ್ಲ ಆಫ್ ರಾಣಿ ಪಕ್ಕಕ್ಕೆ ತಿರುಗಿ ಬ್ರೇಕಕ್ಕನ ಮುಖವನ್ನು ಒಂದು ಕ್ಷಣ ನೋಡುತ್ತಿದ್ದಳು. ಬೇರೆಯವರ ಮುಖದಲ್ಲಾದರೆ ಬದುಕಿದೆಯಾ ಬಡಜೀವವೇ ಅನ್ನುವ ಸಮಾಧಾನ ಇರುತ್ತಿತ್ತು. ಇವಳ ಮುಖದಲ್ಲಿ ಯಾರೋ ತಟ್ಟೆ ಕಿತ್ತುಕೊಂಡಂಥ ನಿರಾಸೆ. ಬ್ರೇಕಕ್ಕನಿಗೆ ಅದು ಅರ್ಥವಾಗಲಿಲ್ಲ, ಅರ್ಥವಾಗದಿದ್ದಕ್ಕೆ ಕೋಪ ಬಂತು, ಕೋಪ ಬಂದದ್ದಕ್ಕೆ ಇನ್ನಷ್ಟು ಬೈದಳು.

ಒಂದು ದಿನ ಟೈರ್ ಅಂಗಡಿ ದಾಟುತ್ತಿದ್ದಂತೆ ಆಫ್ ರಾಣಿ ಮೆಲ್ಲಗೆ ಬಾಯಿ ಬಿಟ್ಟಳು.

"ಅಕ್ಕಾ, ಇವತ್ತು ನಿಮ್ಮ ಕಾಲು ತೆಗೆದುಬಿಡ್ತೀರಾ? ಏನಾಗುತ್ತೋ ನಾನೇ ನೋಡ್ಕೋತೀನಿ."

"ಏನಂದೆ? ನನಗೇ ಪಾಠನಾ?"

"ಏಯ್!" ಹಿಂದಿನಿಂದ ಗಂಡ ಮುಂದಕ್ಕೆ ಬಾಗಿದ. "ಮೇಡಂಗೆ ಎದುರು ಮಾತಾಡ್ತೀಯಾ?" ಎನ್ನುತ್ತ ಹೆಂಡತಿಯ ಹೆಗಲ ಮೇಲೆ ಕೈ ಇಟ್ಟ.

ಬ್ರೇಕಕ್ಕನ ಪಕ್ಕದಲ್ಲಿ ಗಾಜಿಗೆ ಅಂಟಿಸಿದ ಪುಟ್ಟ ಕನ್ನಡಿಯೊಂದಿತ್ತು, ಗುರು ಹಿಂದಿನ ರಸ್ತೆ ನೋಡಲಿಕ್ಕೆಂದು. ಅದರಲ್ಲಿ ಅವಳಿಗೆ ರಸ್ತೆಯ ಬದಲು ಆ ಕೈ ಕಂಡಿತು. ನೋಡಿದವರಿಗೆ ಮುದ್ದು ಮಾಡಿದಂತೆ ಇತ್ತು. ಆದರೆ ಹೆಬ್ಬೆರಳು, ತೋರುಬೆರಳು ಕುತ್ತಿಗೆಯ ಬುಡದ ಮಾಂಸ ಹಿಡಿದು, ನಲ್ಲಿಯ ತಿರುಪಿನಂತೆ ನಿಧಾನವಾಗಿ ತಿರುಗಿಸುತ್ತಿದ್ದವು. ಕುಪ್ಪಸದ ಅಂಚು ಸರಿದಲ್ಲಿ ಹಳೆಯ ಕಲೆಗಳು: ಒಂದು ಹಳದಿ, ಒಂದು ನೀಲಿ, ಒಂದು ಆಗಲೇ ಕಪ್ಪಾದದ್ದು.

ಎದುರಿಗೆ ಬಸ್ಸು ಬರುತ್ತಿತ್ತು. ಬದಿಯಲ್ಲಿ ಸೈಕಲ್ಲು. ಆಫ್ ರಾಣಿ ಬಸ್ಸಿಗೆ ಜಾಗ ಬಿಟ್ಟಳು, ಸೈಕಲ್ಲಿಗೆ ಜಾಗ ಬಿಟ್ಟಳು, ಗೇರು ಇಳಿಸಿದಳು. ಸ್ಟಿಯರಿಂಗ್ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಬ್ರೇಕಕ್ಕ ಎಷ್ಟೋ ಜನರಿಗೆ ಕಲಿಸಿದ್ದಳು. ಕಿವಿಯ ಹತ್ತಿರ ಒಂದು ನೊಣ ಬಂದರೆ ಚರಂಡಿಗೆ ಇಳಿಸುವವರನ್ನು ನೋಡಿದ್ದಳು. ಕತ್ತಿನ ಮಾಂಸ ತಿರುಚುತ್ತಿರುವಾಗ ಕಾರನ್ನು ನೆಟ್ಟಗೆ ಹಿಡಿದವಳನ್ನು ಕಂಡಿರಲಿಲ್ಲ. ಇಂಥವಳ ಕಾಲು ಇಷ್ಟು ಸಣ್ಣ ಏರಿಗೆ ಸೋಲುವುದೇ? ಸಾಧ್ಯವೇ ಇಲ್ಲ. ಇವಳು ಸೋಲುತ್ತಿಲ್ಲ, ಬೇಕೆಂದೇ ಆಫ್ ಮಾಡುತ್ತಿದ್ದಾಳೆ. ಆಫ್ ಆಗಗೊಡದೆ ಕೂತಿರುವುದು ನಾನೇ.

ಅಷ್ಟು ಹೊಳೆಯುವಷ್ಟರಲ್ಲಿ ಗೇಟು ಬಂತು, ಗಾಡಿ ನಡುಗಿತು, ಹಾಳು ಕಾಲು ತನ್ನ ಕೆಲಸ ಮಾಡಿಯೇ ಬಿಟ್ಟಿತು.

ಮಾತಾಡುವುದು ಹೇಗೆ? ಹಿಂದಿನ ಸೀಟು ಕಿವಿ ನಿಮಿರಿಸಿಕೊಂಡೇ ಇರುತ್ತದೆ. ಮರುದಿನ ಬ್ರೇಕಕ್ಕ ಆಟದ ಮೈದಾನದ ಪಕ್ಕ ಗಾಡಿ ನಿಲ್ಲಿಸಲು ಹೇಳಿ, "ಇವತ್ತು ಎಂಜಿನ್ ಪಾಠ. ಇಳಿ" ಎಂದಳು. ಎಂಜಿನ್ ಓಡುತ್ತಿರುವಂತೆಯೇ ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದಳು. ಒಳಗೆ ಕೂತ ಗಂಡನಿಗೆ ಎದುರು ಗಾಜಿನ ತುಂಬ ಬಾನೆಟ್ಟೇ ಗೋಡೆಯಾಯಿತು. ಎಂಜಿನ್ನಿನ ಗಲಾಟೆಯಲ್ಲಿ ಪಕ್ಕದವರ ಮಾತೇ ಸರಿಯಾಗಿ ಕೇಳದು. ಇಬ್ಬರೂ ತಲೆ ಒಳಗೆ ಹಾಕಿದರು.

"ಇದು ಬ್ಯಾಟರಿ" ಎಂದು ಕೂಗಿ, ಮರುಗಳಿಗೆ ದನಿ ತಗ್ಗಿಸಿ, "ಯಾಕೆ ಆಫ್ ಮಾಡ್ತೀಯ ಅಲ್ಲಿ? ಹೇಳು ತಾಯಿ" ಎಂದಳು.

ಆಫ್ ರಾಣಿ ಬ್ಯಾಟರಿಯನ್ನೇ ನೋಡುತ್ತ ಹೇಳಿದಳು. ಅಳಲಿಲ್ಲ. ಎರಡು ಮಕ್ಕಳು, ಎರಡೂ ಹೊಟ್ಟೆ ಕೊಯ್ದು ತೆಗೆದದ್ದು, ನಡುವೆ ಒಂದು ಹೋಗಿತ್ತು. ಗರ್ಭಕೋಶದ ಹೊಲಿಗೆ ತೆಳ್ಳಗಾಗಿದೆ, ಇನ್ನೊಂದು ನಿಂತರೆ ಬಿಚ್ಚಿಕೊಳ್ಳಬಹುದು, ಜೀವಕ್ಕೇ ಅಪಾಯ ಎಂದು ಡಾಕ್ಟರು ಗಂಡನನ್ನು ಎದುರಿಗೆ ಕೂರಿಸಿಕೊಂಡೇ ಹೇಳಿದ್ದರು. ಡಾಕ್ಟರುಗಳಿಗೆ ಹೆದರಿಸುವುದೇ ಕೆಲಸ ಎಂದು ಅವನು ಎದ್ದು ಬಂದಿದ್ದ. ಅವಳು ಕದ್ದು ತಂದ ಮಾತ್ರೆಗಳನ್ನು ಬಚ್ಚಲಿಗೆ ಸುರಿದ. ಕೈಯಲ್ಲೊಂದು, ಕಂಕುಳಲ್ಲೊಂದು ಇದ್ದರೆ ಹೆಂಗಸು ಮನೆಯಲ್ಲಿರುತ್ತಾಳೆ ಅನ್ನುವುದು ಅವನ ಲೆಕ್ಕ.

"ಬೇಡ ಅಂದ್ರೆ ದಿಂಬು ತಗೊಂಡು ಬಾಯಿಗೆ ಒತ್ತುತ್ತಾರೆ."

"ಈ ಕಾಲಲ್ಲೂ?"

"ಕಾಲು ಮುರಿದಿರೋದು ಅಕ್ಕಾ. ಕೈ ಅಲ್ಲ."

ಬ್ರೇಕಕ್ಕನ ಕೈ ಸ್ಪ್ಯಾನರಿನ ಕಡೆ ಹೋಯಿತು. ಆಫ್ ರಾಣಿ ಆ ಕೈಯನ್ನು ಒತ್ತಿ ಹಿಡಿದಳು. "ಬೇಡ. ನೀವು ಹೊಡೆದು ನಿಮ್ಮ ಮನೆಗೆ ಹೋಗ್ತೀರಿ. ನಾನು ಹೊಡೆಸಿಕೊಳ್ಳೋಕೆ ನಮ್ಮನೆಗೆ ಹೋಗ್ಬೇಕು."

"ಪೊಲೀಸರ ಹತ್ರ ಹೋಗೋಣ. ಈಗಲೇ. ನಾನೇ ಓಡಿಸ್ತೀನಿ."

"ಹೋಗ್ತೀನಿ. ಮೊದಲು ಹೊಟ್ಟೆ ನನ್ನದಾಗಲಿ. ಆಮೇಲೆ ಲೈಸೆನ್ಸು. ಆಮೇಲೆ ಮಿಕ್ಕಿದ್ದು. ಬಸುರಾಗಿಬಿಟ್ರೆ ಮಕ್ಕಳನ್ನ ಎತ್ಕೊಂಡು ಎಲ್ಲಿಗೆ ಓಡ್ಲಿ?" ಅವಳು ಅಳತೆಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಆಯಿಲ್ಲಿನಲ್ಲಿ ಅದ್ದಿದಳು, ಪಾಠ ಕೇಳುವವಳ ಹಾಗೆಯೇ. "ಆ ಆಸ್ಪತ್ರೆಯಲ್ಲಿ ಬಸುರು ನಿಲ್ಲದ ಹಾಗೆ ಮೂರು ತಿಂಗಳಿಗೊಂದು ಸೂಜಿ ಕೊಡ್ತಾರಂತೆ. ಮಾತ್ರೆಯಾದ್ರೆ ಇವರಿಗೆ ಸಿಗುತ್ತೆ. ಸೂಜಿ ಚುಚ್ಚಿಸಿಕೊಂಡ ಮೇಲೆ ಯಾರಿಗೆ ಏನು ಸಿಗುತ್ತೆ? ಮನೇಲಿ ಅತ್ತೆ ಕಾಯ್ತಾರೆ, ಹೊರಗೆ ಇವರು. ಗಾಡಿ ಗೇಟಿನ ಮುಂದೆ ಆಫ್ ಆದ್ರೆ, ನೀರು ತರೋ ನೆಪದಲ್ಲಿ ಒಳಗೆ ಹೋಗಬಹುದು ಅಂತ ಅಂದ್ಕೊಂಡಿದ್ದೆ."

"ಹೇಳೋಕೇನಾಗಿತ್ತು ಹುಡುಗೀ, ಮೊದಲೇ!"

"ನೀವು ಅವರ ಕಡೆಯವರು ಅಂದ್ಕೊಂಡಿದ್ದೆ. ಇಬ್ಬರೂ ಒಂದೇ ಥರ ಬೈತಿದ್ರಿ."

ಬ್ರೇಕಕ್ಕನಿಗೆ ಈಗ ಅರ್ಥವಾಯಿತು. ಇವಳ ಮೇಲೆ ಬಿಡಲಿಕ್ಕೆಂದೇ ಆ ಗಂಡಸು ತನ್ನನ್ನು ಹುಡುಕಿಕೊಂಡು ಬಂದದ್ದು. ತಾನು ಅದನ್ನು ಹೊಗಳಿಕೆ ಎಂದು ಬೀಗಿದ್ದಳು.

"ನನಗೆ ನಿಮ್ಮ ಕೋಪ ಬೇಡ ಅಕ್ಕಾ" ಎಂದಳು ಆಫ್ ರಾಣಿ. "ನಿಮ್ಮ ಕಾಲು ತೆಗೆದರೆ ಸಾಕು."

"ಏನ್ ಇಷ್ಟು ಹೊತ್ತು ಅಲ್ಲಿ?" ಒಳಗಿನಿಂದ ಕೂಗು ಬಂತು.

"ನಿಮ್ಮ ಹೆಂಡ್ತಿಗೆ ಆಯಿಲ್ ಯಾವುದು, ನೀರು ಯಾವುದು ಗೊತ್ತಾಗ್ತಿಲ್ಲ ಕಣ್ರೀ!"

"ನಾನು ಹೇಳಲಿಲ್ವಾ!" ಅವನ ನಗು ಎಂಜಿನ್ನಿನ ಸದ್ದನ್ನೂ ಮೀರಿಸಿತು.

ಅಂದೇ ಬ್ರೇಕಕ್ಕ ನರ್ಸಮ್ಮನಿಗೆ ಫೋನ್ ಮಾಡಿದಳು. ಹಾರನ್ನು ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅವಳು ಡಾಕ್ಟರಮ್ಮನಿಗೆ ಎಲ್ಲ ಹೇಳಿ ಒಪ್ಪಿಸಿದಳು. ಒಳಗೆ ಬಂದ ಕೂಡಲೇ ಮೂತ್ರ ಪರೀಕ್ಷೆ, ಬಿ.ಪಿ., ಎಲ್ಲ ಸರಿಯಿದ್ದರೆ ಸೂಜಿ. "ಬಾಗಿಲಲ್ಲೇ ನಿಂತಿರ್ತೀನಿ ಅಕ್ಕಾ. ನೀವು ಸಿಟ್ಟು ಮಾಡಿಕೊಂಡು ಕೆಡಿಸಬೇಡಿ, ಅಷ್ಟೆ."

ಎಲ್ಲರಿಗೂ ಅದೇ ಭಯ. ಬ್ರೇಕಕ್ಕನಿಗೂ ಅದೇ ಭಯ; ಜೊತೆಗೆ ಕಾಲಿನದು ಬೇರೆ. ಇಷ್ಟು ವರ್ಷದ ಅಭ್ಯಾಸ, ಹೇಳಿದರೆ ಕೇಳುವುದೇ? ಗೊತ್ತು ಮಾಡಿದ ದಿನ ಗಾಡಿ ಹತ್ತಿದವಳೇ ಚಪ್ಪಲಿ ಬಿಟ್ಟು, ಎರಡೂ ಕಾಲು ಸೀಟಿನ ಮೇಲೆಳೆದುಕೊಂಡು, ಊಟಕ್ಕೆ ಕೂತವಳಂತೆ ಚಕ್ಕಂಬಕ್ಕಲ ಹಾಕಿದಳು.

"ಇದೇನ್ ಮೇಡಂ, ಕಾಲು ಮೇಲೆ?"

"ಮಂಡಿ ನೋವು ಕಣ್ರೀ. ಇಳಿಬಿಟ್ರೆ ಜೀವ ಹೋಗುತ್ತೆ."

ಟೈರ್ ಅಂಗಡಿ ದಾಟಿತು. ಏರು ಬಂತು. ಗೇಟಿನ ಮುಂದೆ ಆಫ್ ರಾಣಿ ಗಾಡಿಯನ್ನು ರಸ್ತೆಯ ಬದಿಗೆ ತಂದು, ಕ್ಲಚ್ಚು ಬಿಟ್ಟಳು. ಗಾಡಿ ನಡುಗಿತು. ಬ್ರೇಕಕ್ಕನ ಎಡಗಾಲು ಬಲತೊಡೆಯ ಕೆಳಗಿನಿಂದ ಬಿಡಿಸಿಕೊಳ್ಳಲು ಒದ್ದಾಡಿತು. ಎರಡೂ ಕೈಯಿಂದ ಪಾದ ಹಿಡಿದುಕೊಂಡಳು. ಎಂಜಿನ್ ಒಮ್ಮೆ ಕೆಮ್ಮಿ ಸತ್ತಿತು. ಆಫ್ ರಾಣಿ ಹ್ಯಾಂಡ್‌ಬ್ರೇಕ್ ಎಳೆದಳು. ಬ್ರೇಕಕ್ಕನ ಗಾಡಿ ಮೊದಲ ಬಾರಿಗೆ ಕೀ ತಿರುಗಿಸದೆ ಆಫ್ ಆಗಿತ್ತು.

"ಎಂಜಿನ್ ಕಾದುಹೋಗಿದೆ" ಎಂದಳು ಬ್ರೇಕಕ್ಕ. "ನೀರು ಬೇಕು. ಹೋಗೇ, ಆ ಆಸ್ಪತ್ರೆಯಿಂದ ಕ್ಯಾನಲ್ಲಿ ಹಿಡ್ಕೊಂಡು ಬಾ."

"ಆಸ್ಪತ್ರೆಗೆ ಬೇಡ." ಅವನ ದನಿ ಥಟ್ಟನೆ ಬದಲಾಯಿತು. "ಕೆಳಗೆ ಟೈರ್ ಅಂಗಡಿ ಇದೆಯಲ್ಲ. ಅಲ್ಲಿಂದ ತರಲಿ."

ಬ್ರೇಕಕ್ಕ ಬಾಯಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದಳು. ಆದರೆ ಆಫ್ ರಾಣಿ "ಸರಿ" ಎಂದು ಕ್ಯಾನು ಎತ್ತಿಕೊಂಡು, ತಲೆ ತಗ್ಗಿಸಿ ಇಳಿಜಾರಿನಲ್ಲಿ ಹೊರಟೇಬಿಟ್ಟಳು. ಅಂಗಡಿಯ ಮುಂದೆ ಕೆಲಸದ ಗಂಡಸರು ಟೈರುಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವಳು ನಡೆದಳು, ಅವಸರವಿಲ್ಲ. ಒಬ್ಬ ತಲೆ ಎತ್ತಿ ನೋಡಿದ. ಇನ್ನೊಬ್ಬ ಜಾಗ ಬಿಟ್ಟು ಎದ್ದು ನಿಂತ. ಅವಳು ಸೆರಗು ಸರಿಮಾಡಿಕೊಂಡಳು. ಅಷ್ಟೇ ಸಾಕಾಯಿತು. ಗಂಡ ಹಿಂದಿನ ಗಾಜು ಇಳಿಸಿ ಕಿರುಚಿದ:

"ಏಯ್! ಅಲ್ಲಿಗೆ ಬೇಡ, ಬಾರೇ ಇತ್ಲಾಗೆ! ಆಸ್ಪತ್ರೆಯಿಂದಲೇ ತಗೊಂಡು ಬಾ!"

ಆಫ್ ರಾಣಿ ತಿರುಗಿ, ಅದೇ ನಡಿಗೆಯಲ್ಲಿ ಹತ್ತಿ, ಗೇಟಿನೊಳಗೆ ಹೋದಳು. ಅವನೇ ಕಳಿಸಿದ್ದ. ಬ್ರೇಕಕ್ಕನಿಗೆ ಎದ್ದು ನಿಂತು ಸಿಳ್ಳೆ ಹಾಕಬೇಕೆನ್ನಿಸಿತು.

ಇನ್ನು ಅವಳ ಸರದಿ. ಬಾನೆಟ್ ಎತ್ತಿಟ್ಟು ಬಂದು, ಹಿಂದಿನ ಕಿಟಕಿಗೆ ಒರಗಿ, ಜನ್ಮದಲ್ಲಿ ಯಾರ ಜೊತೆಗೂ ಆಡದ ದನಿಯಲ್ಲಿ, "ಅಲ್ಲಾ ಸಾರ್, ನಿಮಗೆ ಗಾಡಿ ವಿಷಯ ಚೆನ್ನಾಗಿ ಗೊತ್ತಿರೋ ಹಾಗಿದೆ. ಈ ಎಂಜಿನ್ ಯಾಕೆ ಹೀಗೆ ಕಾಯುತ್ತೆ?" ಎಂದಳು.

ಅವನು ಗಂಟಲು ಸರಿಮಾಡಿಕೊಂಡ. ಎಂಜಿನ್ ಯಾಕೆ ಕಾಯುತ್ತದೆ, ಹೆಂಗಸರು ಓಡಿಸಿದರೆ ಯಾಕೆ ಹೆಚ್ಚು ಕಾಯುತ್ತದೆ, ಹಳೆಯ ಕಾಲದ ಗಾಡಿಗಳು ಯಾಕೆ ಕಾಯುತ್ತಿರಲಿಲ್ಲ ಎಂದು ವಿವರಿಸಿದ. ಒಂದು ಮಾತೂ ಸರಿಯಿರಲಿಲ್ಲ. ಬ್ರೇಕಕ್ಕ "ಹೌದಾ ಸಾರ್", "ಅಬ್ಬಾ", "ಇದು ಗೊತ್ತೇ ಇರಲಿಲ್ಲ ನೋಡಿ" ಎನ್ನುತ್ತಿದ್ದಳು. ಒಳಗೆ ಕೋಪ ಕುದಿದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಬಿಟ್ಟರೆ ಎಲ್ಲಿಗೆ ಹೋಗುತ್ತವೋ ಎಂದು. ಆ ಕುತ್ತಿಗೆ ಹಿಡಿದ ಬೆರಳುಗಳು ಈಗ ಕಿಟಕಿಯ ಅಂಚಿನ ಮೇಲೆ ತಾಳ ಹಾಕುತ್ತಿದ್ದವು, ಅವಳ ಮೂಗಿನ ಕೆಳಗೇ.

"ನೀರು ಹಿಡಿಯೋಕೆ ಇಷ್ಟು ಹೊತ್ತಾ?" ಅವನು ಬಾಗಿಲು ತೆರೆದ. "ನನ್ನ ಊರುಗೋಲು ಕೊಡಿ."

"ಡಿಕ್ಕಿ ಬೀಗ ಸ್ವಲ್ಪ ಬಿಗಿ ಸಾರ್" ಎಂದು ಬ್ರೇಕಕ್ಕ ಹಿಂದೆ ಹೋಗಿ, ಬೇರೆ ಕೀ ಹಾಕಿ, ಅಲುಗಿಸಿ, ಊದಿ, ತಿರುಗಿಸಿ ಸಾಕಷ್ಟು ಸರ್ಕಸ್ ಮಾಡಿದಳು. ಅವನು ಪ್ಲಾಸ್ಟರಿನ ಕಾಲನ್ನು ಹೊರಗಿಟ್ಟು ಗೇಟಿನ ಕಡೆ ಕೂಗತೊಡಗಿದ್ದ.

ಆಗ ಆಫ್ ರಾಣಿ ಬಂದಳು. ಕ್ಯಾನು ಕಂಠಮಟ್ಟ ತುಂಬಿತ್ತು. ಒಂದು ಹನಿ ತುಳುಕಲಿಲ್ಲ.

"ನಲ್ಲಿಯಲ್ಲಿ ನೂಲಿನಷ್ಟು ಸಣ್ಣಗೆ ಬರ್ತಿತ್ತು" ಎಂದಳು ಗಂಡನಿಗೆ. ಬಾನೆಟ್ಟಿನ ಮರೆಗೆ ಬಂದು ವೈಪರ್ ನೀರಿನ ಡಬ್ಬಿಗೆ ಸುರಿದಳು; ಬೇರೆಲ್ಲೂ ನೀರು ಬೇಕಿರಲಿಲ್ಲ.

"ಆಯ್ತಾ?" ಬ್ರೇಕಕ್ಕ ಹಿಂದಿನಿಂದ ಬಂದು ಪಿಸುಗುಟ್ಟಿದಳು.

"ಆಯ್ತು." ಒಂದು ಸಲ ಉಸಿರು ಬಿಟ್ಟಳು. "ಏನೂ ನಿಂತಿಲ್ಲ ಅಂದ್ರು ಅಕ್ಕಾ. ಹೊಟ್ಟೆ ಖಾಲಿ."

ಆಮೇಲೆ ಬ್ರೇಕಕ್ಕ ಬಾನೆಟ್ ಮುಚ್ಚಿ, ಪಕ್ಕದ ಸೀಟಿನಲ್ಲಿ ಮತ್ತೆ ಕಾಲು ಮಡಿಸಿ ಕೂತಳು. ಆಫ್ ರಾಣಿ ಸ್ಟಿಯರಿಂಗಿಗೆ ಕೂತಳು. ಕೀ ತಿರುಗಿಸಿದಳು, ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಹಿಡಿದು, ಹ್ಯಾಂಡ್‌ಬ್ರೇಕ್ ಬಿಟ್ಟಳು. ಆ ಏರಿನಲ್ಲಿ ಗಾಡಿ ಒಂದು ಅಂಗುಲ ಹಿಂದೆ ಸರಿಯದೆ, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಮೇಲೆದ್ದು ಉಬ್ಬು ದಾಟಿತು. ಬ್ರೇಕಕ್ಕ ತಾನೇ ಅಷ್ಟು ನವಿರಾಗಿ ಎತ್ತಿದ್ದಿಲ್ಲ.

"ಇದೇನು?" ಹಿಂದಿನ ಸೀಟು ನೆಟ್ಟಗಾಯಿತು. "ಇಷ್ಟು ದಿನ ಬರದಿದ್ದು ಈಗ ಹೆಂಗೆ ಬಂತು?"

ಆಫ್ ರಾಣಿಯ ಬೆರಳುಗಳು ಸ್ಟಿಯರಿಂಗಿನ ಮೇಲೆ ಬಿಳಿಚಿಕೊಂಡವು. ಬ್ರೇಕಕ್ಕ ಮಡಿಸಿದ್ದ ಕಾಲನ್ನು ಸದ್ದಿಲ್ಲದೆ ಕೆಳಗಿಳಿಸಿ ಪೆಡಲಿನ ಮೇಲಿಟ್ಟಳು.

"ಅವಳಿಗೆಲ್ಲಿ ಬಂತು ಸಾರ್! ನನ್ನ ಕಾಲು ಓಡಿಸ್ತು. ಅವಳು ಸುಮ್ನೆ ಗೊಂಬೆ ಥರ ಕೂತಿದ್ಲು."

"ಅದೇ ತಾನೆ!" ಅವನು ನೆಮ್ಮದಿಯಿಂದ ಒರಗಿದ. ಬ್ರೇಕಕ್ಕ ಹೊರಗೆ ನೋಡುತ್ತ ಕೂತಳು. ಆಫ್ ರಾಣಿಯ ತುಟಿಯ ತುದಿ ಇಷ್ಟೇ ಇಷ್ಟು ಮೇಲೆ ಹೋಗಿದ್ದು ಪುಟ್ಟ ಕನ್ನಡಿಗೆ ಮಾತ್ರ ಕಂಡಿತು.

ಅವಳು ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದಳು. ಪಾಠ ಮುಗಿಯಿತು. ಗಂಡ ಕೆಲಸಕ್ಕೆ ಹೋಗತೊಡಗಿದ, ಹೆಂಡತಿ ಓಡಿಸುವ ಕಾರಿನ ಹಿಂದಿನ ಸೀಟಿನಲ್ಲಿ. ದಾರಿಯಲ್ಲಿ ಎದುರಾದಾಗ ಅವಳು ನೋಡಿಯೂ ನೋಡದಂತೆ ಹೋಗುತ್ತಿದ್ದಳು. ಬ್ರೇಕಕ್ಕನೂ ಬೇಕೆಂದೇ ಬೇರೆ ಕಡೆ ಯಾರನ್ನೋ ಬೈಯುತ್ತಿದ್ದಳು.

ಸೂಜಿಯ ಅವಧಿ ಮುಗಿಯುವ ವಾರ ಒಂದು ಬೆಳಿಗ್ಗೆ ಆ ಕಾರು ಬಂದು ಬ್ರೇಕಕ್ಕನ ಬಾಗಿಲ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು, ಶಾಲೆಯ ಚೀಲ, ಒಂದು ಬಟ್ಟೆಯ ಗಂಟು, ಒಂದು ಪ್ರೆಶರ್ ಕುಕ್ಕರ್.

"ಅವರನ್ನ ಗೋದಾಮಿಗೆ ಬಿಟ್ಟು ಬಂದೆ. ಸಂಜೆ ಪ್ಲಾಸ್ಟರ್ ಬಿಚ್ಚಿಸೋಕೆ ಕರ್ಕೊಂಡು ಹೋಗ್ಬೇಕಿತ್ತು." ಆಫ್ ರಾಣಿ ಎಂಜಿನ್ ಆಫ್ ಮಾಡಲಿಲ್ಲ. "ಹೋಗಲ್ಲ. ಮೊದಲು ಆಸ್ಪತ್ರೆ. ಆಮೇಲೆ ಪೊಲೀಸ್ ಸ್ಟೇಷನ್ನು. ಆಮೇಲೆ ನಮ್ಮಕ್ಕನ ಮನೆ, ಅವಳಿಗೆ ಹೇಳಿದೀನಿ. ಸ್ಟೇಷನ್ನಲ್ಲಿ ಜೊತೆಗೆ ಬರ್ತೀರಾ?"

"ಅಲ್ಲಿ ನಾನು ಬೈಬಹುದಾ?"

"ಅಲ್ಲಿ ಎಷ್ಟು ಬೇಕಾದ್ರೂ ಬೈರಿ. ಅದಕ್ಕೇ ಕರೀತಿರೋದು."

ಬ್ರೇಕಕ್ಕ ಚಪ್ಪಲಿ ಮೆಟ್ಟಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕುಕ್ಕರ್ ಯಾಕೆ ಎಂದು ಕೇಳಿದಳು. "ನನ್ನದು, ತವರಿಂದ ನಾನು ತಂದದ್ದು" ಎಂದಳು ಆಫ್ ರಾಣಿ. ಗಾಡಿ ಹೊರಟಿತು. ಟೈರ್ ಅಂಗಡಿ ಬಂತು, ಏರು ಬಂತು. ಬ್ರೇಕಕ್ಕನ ಕಾಲು ತಾನಾಗಿ ಕೆಳಗೆ ಹೋಗಿ ಪೆಡಲು ತಡಕಿತು. ಈ ಕಾರಿನಲ್ಲಿ ಅಂಥದ್ದೇನೂ ಇರಲಿಲ್ಲ, ಬರೀ ರಬ್ಬರ್ ಮ್ಯಾಟು. ಅವಳು ಅದನ್ನೇ ಒತ್ತಿ ಹಿಡಿದಳು.

"ಅಕ್ಕಾ" ಎಂದಳು ಆಫ್ ರಾಣಿ ರಸ್ತೆಯಿಂದ ಕಣ್ಣು ತೆಗೆಯದೆ, "ಕಾಲು."

"ಇಟ್ಕೊಂಡಿರ್ತೀನಿ ಬಿಡೇ. ನಿನಗೇನಂತೆ, ನೀನು ಓಡಿಸು."